ಹುಡುಕಿದ ಪದಕ್ಕೆ ಬಣ್ಣ ಹಚ್ಚಿದರೆ ಒತ್ತಕ್ಷರ ಯಾಕೆ ಕಳಚಿ ಬೀಳುತ್ತದೆ?

ಓದುಗರ ಪ್ರಶ್ನೆ: "ಸರ್, ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದವನು ನಾನು. ಈಗ ಅದೇ ಪರೀಕ್ಷೆಗಳಿಗೆ ಓದುವವರಿಗಾಗಿ ಒಂದು ಕನ್ನಡ ನೋಟ್ಸ್ ಆ್ಯಪ್ ಮಾಡಿದ್ದೇನೆ. ಆ್ಯಪ್ ಫ್ಲಟರ್‌ನಲ್ಲಿದೆ (ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡುವ ಸಲಕರಣೆ), ಸರ್ವರ್ ಪೈಥಾನ್ ಭಾಷೆಯಲ್ಲಿ. ಹುಡುಕಿದ ಪದ ಹಳದಿಯಾಗಬೇಕು, ಮುಖ್ಯ ಸಾಲುಗಳು ಕೆಂಪಕ್ಷರದಲ್ಲಿ ಕಾಣಬೇಕು, ಓದುವವರು ತಾವೇ ಬೆರಳಿಂದ ಗುರುತು ಹಾಕಿಕೊಳ್ಳುವ ಹಾಗೂ ಇರಬೇಕು. ಇಂಗ್ಲಿಷ್ ನೋಟ್ಸ್‌ನಲ್ಲಿ ಎಲ್ಲ ಸರಿ ಇದೆ. ಕನ್ನಡದಲ್ಲಿ 'ಹುಬ' ಅಂತ ಹೊಡೆದ ಕೂಡಲೇ ಹುಬ್ಬಳ್ಳಿಯ ಒತ್ತು ಕಳಚಿ, ಮಧ್ಯೆ ಚುಕ್ಕಿಗಳ ಒಂದು ವೃತ್ತ ಬರುತ್ತದೆ. ಕೆಲವು ಪಾಠಗಳಲ್ಲಿ ಕೆಂಪು ಮಾಡಿದ ಭಾಗ ಒಂದೆರಡು ಅಕ್ಷರ ಹಿಂದಕ್ಕೆ ಸರಿದಿರುತ್ತದೆ. 'ಹಾವೇರಿ' ಅಂತ ಹುಡುಕಿದರೆ ಕಣ್ಣೆದುರಿಗೆ ಇರುವ ಹಾವೇರಿಯೇ ಸಿಗುವುದಿಲ್ಲ. ನೋಟ್ಸ್ ತಿದ್ದಿದ ಮೇಲಂತೂ ಹುಡುಗರು ಹಾಕಿಕೊಂಡ ಗುರುತುಗಳೆಲ್ಲ ಬೇರೆ ಪದಗಳ ಮೇಲೆ ಹೋಗಿ ಕೂತಿವೆ. ಪರಿಚಯದವರೊಬ್ಬರು ಯೂನಿಕೋಡ್ ಕನ್ನಡಕ್ಕೆ ಇದೆಲ್ಲ ಆಗದ ಮಾತು, ಫಾಂಟ್ ಬದಲಿಸಿ, ಇಲ್ಲವೇ ಪುಟಗಳನ್ನು ಚಿತ್ರ ಮಾಡಿ ಹಾಕಿ ಅಂತಾರೆ. ಇನ್ನೊಬ್ಬರು ಫ್ಲಟರ್ ಬಿಟ್ಟು ಆಂಡ್ರಾಯ್ಡ್ ಆ್ಯಪ್‌ಗಳ ಭಾಷೆಯಾದ ಕೋಟ್ಲಿನ್‌ನಲ್ಲಿ ಹೊಸದಾಗಿ ಬರೆಯಿರಿ ಅಂತಾರೆ. ಏನು ಮಾಡಲಿ?"

ಉತ್ತರ: ಎರಡೂ ಬೇಡ. ನೀವು ಪತ್ರದ ಜೊತೆ ಕಳಿಸಿದ ಕೋಡ್ ನೋಡಿದೆ. ನಿಮ್ಮದು ಒಂದು ತೊಂದರೆ ಅಲ್ಲ, ನಾಲ್ಕು ಬೇರೆ ಬೇರೆ ತೊಂದರೆ. ಎಲ್ಲವೂ ಬಣ್ಣ ಹಚ್ಚುವಾಗಲೇ ಕಣ್ಣಿಗೆ ಬೀಳುವುದರಿಂದ ಒಂದೇ ರೋಗ ಅನ್ನಿಸುತ್ತದೆ. ಬಣ್ಣ ಹಚ್ಚುವುದು ಈ ಕೆಲಸದಲ್ಲಿ ಕೊನೆಯ ಎರಡು ಸಾಲಿನ ಕೋಡ್ ಅಷ್ಟೇ. ಬಣ್ಣ ಎಲ್ಲಿಂದ ಶುರು, ಎಲ್ಲಿಗೆ ಮುಗಿಯಬೇಕು ಅಂತ ತೀರ್ಮಾನಿಸುವುದೇ ನಿಜವಾದ ಕೆಲಸ. ಅದನ್ನು ಸರಿ ಮಾಡಿದರೆ ನೀವು ಬರೆದಿರುವ ಮುಕ್ಕಾಲು ಪಾಲು ಕೋಡ್ ಹಾಗೇ ಉಳಿಯುತ್ತದೆ.

ಮೊದಲು ನಿಮ್ಮ ಪರಿಚಯದವರ ಮಾತು. ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಮಾನದಂಡ. ಯೂನಿಕೋಡ್ ಕನ್ನಡದಲ್ಲಿ ಬಣ್ಣ ಹಚ್ಚಲು ಆಗುವುದಿಲ್ಲ ಅನ್ನುವುದು ಸುಳ್ಳು. ಕನ್ನಡ ಯೂನಿಕೋಡ್‌ಗೆ ಸೇರಿದ್ದು ಅದರ ಮೊದಲ ಆವೃತ್ತಿಯಲ್ಲೇ, 1991ರಲ್ಲಿ. ಆಂಡ್ರಾಯ್ಡ್, ಐಫೋನ್, ಬ್ರೌಸರ್ ಎಲ್ಲದರಲ್ಲೂ ಪಠ್ಯದ ಒಂದು ಭಾಗಕ್ಕೆ ಮಾತ್ರ ಬಣ್ಣ ಕೊಡುವ ದಾರಿ ಇದೆ. ಫಾಂಟ್ ಬದಲಿಸಿದರೂ ಚುಕ್ಕಿ ವೃತ್ತ ಹೋಗುವುದಿಲ್ಲ. ನೋಟೋ ಸಾನ್ಸ್ ಕನ್ನಡ ಹಾಕಿ, ಬೇರೆ ಯಾವುದಾದರೂ ಹಾಕಿ, ವೃತ್ತ ಅಲ್ಲೇ ಇರುತ್ತದೆ. ಯಾಕೆಂದರೆ ಆ ವೃತ್ತ ಫಾಂಟ್ ಮಾಡಿದ ತಪ್ಪಲ್ಲ. "ಈ ಚಿಹ್ನೆಗೆ ಮೊದಲು ಒಂದು ಅಕ್ಷರ ಇರಬೇಕಿತ್ತು, ಇಲ್ಲ" ಅಂತ ಜೋಡಣೆಯ ತಂತ್ರಾಂಶ ಕೊಡುವ ಸೂಚನೆ ಅದು.

ಪುಟಗಳನ್ನು ಚಿತ್ರ ಮಾಡಿದರೆ ಹುಡುಕುವ ಸೌಲಭ್ಯವೇ ಹೋಯಿತು. ಅಕ್ಷರ ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಡೇಟಾ ಜಾಸ್ತಿ ಹೋಗುತ್ತದೆ. ಕಣ್ಣು ಕಾಣದ ಅಭ್ಯರ್ಥಿಗಳು ಪಠ್ಯವನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಓದುತ್ತಾರೆ, ಅವರಿಗೆ ಚಿತ್ರದಲ್ಲಿರುವ ನೋಟ್ಸ್ ಇದ್ದೂ ಇಲ್ಲದ ಹಾಗೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ (ಯೂನಿಕೋಡ್‌ಗಿಂತ ಹಳೆಯ, ಇಂಗ್ಲಿಷ್‌ಗೆ ಮಾಡಿದ ಸಂಕೇತ) ಫಾಂಟ್‌ಗಳಿಗೆ ವಾಪಸ್ ಹೋಗುವುದಂತೂ ಇನ್ನೂ ಕೆಟ್ಟದ್ದು. ಅದರಲ್ಲಿ ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಗೋಜಲು.

ಈಗ ಒತ್ತಕ್ಷರದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಿಮ್ಮ ಉಳಿದ ತೊಂದರೆಗಳಿಗೂ ಬೇರು ಇಲ್ಲೇ ಇದೆ.

"ಹುಬ್ಬಳ್ಳಿ" ಅನ್ನುವ ಪದದಲ್ಲಿ ಎಷ್ಟು ಅಕ್ಷರ ಅಂತ ಒಂದನೇ ಕ್ಲಾಸಿನ ಹುಡುಗನನ್ನು ಕೇಳಿದರೆ ಮೂರು ಅನ್ನುತ್ತಾನೆ: ಹು, ಬ್ಬ, ಳ್ಳಿ. ಅವನ ಲೆಕ್ಕ ಸರಿ. ಆದರೆ ಫೋನಿನ ಒಳಗೆ ಅದು ಒಂಬತ್ತು ತುಣುಕು: ಹ, ಉಕಾರದ ಕೊಂಬು, ಬ, ವಿರಾಮ ಚಿಹ್ನೆ (ವ್ಯಂಜನದೊಳಗಿನ ಅಕಾರ ತೆಗೆಯುವ ಗುರುತು, ಪೂರ್ಣವಿರಾಮ ಅಲ್ಲ), ಮತ್ತೊಂದು ಬ, ಳ, ವಿರಾಮ ಚಿಹ್ನೆ, ಮತ್ತೊಂದು ಳ, ಗುಡಿಸು. ಒತ್ತಕ್ಷರ ಅಂತ ಪ್ರತ್ಯೇಕವಾಗಿ ಏನೂ ಶೇಖರವಾಗಿರುವುದಿಲ್ಲ. ವಿರಾಮ ಚಿಹ್ನೆಯ ನಂತರ ವ್ಯಂಜನ ಬಂದರೆ ಅದನ್ನು ಒತ್ತಾಗಿ ಕೂರಿಸಬೇಕು ಅಂತ ಪರದೆಗೆ ಬರುವ ಹೊತ್ತಿಗೆ ತೀರ್ಮಾನವಾಗುತ್ತದೆ. ಹಿಂದೆ ಗದಗದ ಪ್ರೆಸ್ಸುಗಳಲ್ಲಿ ಅಚ್ಚುಮೊಳೆ ಜೋಡಿಸುವವರು ಮಾಡುತ್ತಿದ್ದ ಕೆಲಸವನ್ನು ಈಗ ಆಂಡ್ರಾಯ್ಡ್, ಕ್ರೋಮ್, ಫ್ಲಟರ್‌ಗಳಲ್ಲಿ ಹಾರ್ಫ್‌ಬಝ್ ಅನ್ನುವ ತಂತ್ರಾಂಶ ಮಾಡುತ್ತದೆ. ಐಫೋನಿನಲ್ಲಿ ಆಪಲ್‌ನದೇ ಆದ ಕೋರ್ ಟೆಕ್ಸ್ಟ್ ಇದೆ.

ನೀವು ಏನು ಮಾಡಿದ್ದೀರಿ ಅಂದರೆ, ಸಿಕ್ಕ ಪದದ ಹಿಂದಿನ ಭಾಗ, ಸಿಕ್ಕ ಪದ, ಮುಂದಿನ ಭಾಗ ಅಂತ ವಾಕ್ಯವನ್ನು ಮೂರು ತುಂಡು ಮಾಡಿದ್ದೀರಿ. ಮೂರಕ್ಕೂ ಬೇರೆ ಬೇರೆ ಟೆಕ್ಸ್ಟ್ ವಿಜೆಟ್ (ಪರದೆಯಲ್ಲಿ ಪಠ್ಯ ತೋರಿಸುವ ಪೆಟ್ಟಿಗೆ) ಕೊಟ್ಟು ಸಾಲಾಗಿ ಇಟ್ಟಿದ್ದೀರಿ. "ಹುಬ" ಮೊದಲ ಮೂರು ತುಣುಕಿಗೆ ಹೊಂದುತ್ತದೆ. ನಾಲ್ಕನೆಯದು ವಿರಾಮ ಚಿಹ್ನೆ. ಹಾಗಾಗಿ ಮುಂದಿನ ವಿಜೆಟ್ ವಿರಾಮ ಚಿಹ್ನೆಯಿಂದಲೇ ಶುರುವಾಗುತ್ತದೆ. ಅದಕ್ಕೆ ಹಿಂದೆ ಯಾವ ಅಕ್ಷರ ಇತ್ತು ಅನ್ನುವುದು ಗೊತ್ತಾಗಲು ದಾರಿಯೇ ಇಲ್ಲ. ಒಂದು ಚುಕ್ಕಿ ವೃತ್ತ ಬರೆದು ಅದರ ಕೆಳಗೆ ಒತ್ತು ತೂಗುಹಾಕುತ್ತದೆ. ಇಂಗ್ಲಿಷ್‌ನಲ್ಲಿ ಎಲ್ಲಿ ಕತ್ತರಿಸಿದರೂ ಏನೂ ಆಗುವುದಿಲ್ಲ. ಅದಕ್ಕೇ ನಿಮ್ಮ ಕೋಡ್ ಅಲ್ಲಿ ಸರಿಯಾಗಿ ಕಂಡಿದ್ದು.

ಬೇರೆ ಬೇರೆ ವಿಜೆಟ್ ತೆಗೆದು, ಟೆಕ್ಸ್ಟ್ ರಿಚ್ ಬಳಸಿ ಒಂದೇ ಪ್ಯಾರಾದೊಳಗೆ ಬೇರೆ ಬೇರೆ ಬಣ್ಣ ಪಡೆಯಬಲ್ಲ ಟೆಕ್ಸ್ಟ್‌ಸ್ಪ್ಯಾನ್‌ಗಳಾಗಿ ಕೊಡಿ. ಇದನ್ನು ಹೇಗೂ ಮಾಡಲೇಬೇಕು. ಇಲ್ಲದಿದ್ದರೆ ಸಾಲು ಮುರಿಯುವ ಜಾಗವೂ ಕೆಡುತ್ತದೆ. ಆದರೆ ಇಷ್ಟರಿಂದಲೇ ಒತ್ತಕ್ಷರದ ತೊಂದರೆ ಎಲ್ಲ ಕಡೆ ಹೋಗುತ್ತದೆ ಅಂತ ನಂಬಬೇಡಿ. ಕೆಲವು ವ್ಯವಸ್ಥೆಗಳು ಮೊದಲು ಇಡೀ ಸಾಲಿನ ಅಕ್ಷರ ಜೋಡಿಸಿ ಆಮೇಲೆ ಬಣ್ಣ ಹಚ್ಚುತ್ತವೆ. ಕೆಲವು ಬಣ್ಣ ಬದಲಾಗುವ ಕಡೆಯೆಲ್ಲ ಪಠ್ಯ ಕತ್ತರಿಸಿ, ತುಂಡು ತುಂಡಾಗಿ ಜೋಡಿಸುತ್ತವೆ. ಒಂದು ಫೋನಿನಲ್ಲಿ ಚೆನ್ನಾಗಿ ಕಂಡದ್ದು ಇನ್ನೊಂದರಲ್ಲಿ ಒಡೆಯುವುದು ಇದರಿಂದಲೇ. ಅಕ್ಷರದ ಮಧ್ಯೆ ಬಣ್ಣದ ಗಡಿ ಬರದ ಹಾಗೆ ನಾವೇ ನೋಡಿಕೊಂಡರೆ ಯಾವ ವ್ಯವಸ್ಥೆ ಏನು ಮಾಡುತ್ತದೆ ಅನ್ನುವ ಚಿಂತೆಯೇ ಇರುವುದಿಲ್ಲ.

ಅರ್ಧ ಅಕ್ಷರಕ್ಕೆ ಬಣ್ಣ ಹಚ್ಚುವುದಕ್ಕೆ ಅರ್ಥವೂ ಇಲ್ಲ. "ಕರ್ನಾಟಕ" ತೆಗೆದುಕೊಳ್ಳಿ. ಶೇಖರಣೆಯಲ್ಲಿ ರ ಮತ್ತು ವಿರಾಮ ಚಿಹ್ನೆ ಮೊದಲು, ನ ಆಮೇಲೆ. ಪರದೆಯಲ್ಲಿ ನಾ ಮೊದಲು, ಅರ್ಕಾವೊತ್ತು ಆಮೇಲೆ. "ಕರ" ಅಂತ ಹುಡುಕಿದಾಗ ಹಳದಿ ಎಲ್ಲಿ ಬರಬೇಕು? ಕ ಮೇಲೆ ಸ್ವಲ್ಪ, ನಾ ದಾಟಿ ಅರ್ಕಾವೊತ್ತಿನ ಮೇಲೆ ಸ್ವಲ್ಪವೇ? ಅದು ಯಾರಿಗೂ ಬೇಡ.

ಈ ಉದಾಹರಣೆ ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ಅರ್ಥಶಾಸ್ತ್ರದ ಪಾಠದಲ್ಲಿ ತೆರಿಗೆ ಬಗ್ಗೆ ಓದಲು "ಕರ" ಅಂತ ಹುಡುಕಿದವನಿಗೆ ಪ್ರತಿ ಪುಟದಲ್ಲೂ ಕರ್ನಾಟಕ ಹಳದಿಯಾಗಿ ಕಂಡರೆ ಸಿಟ್ಟು ಬರುತ್ತದೆ, ಅಲ್ವಾ? ಅಂದರೆ ಅಕ್ಷರದ ಮಧ್ಯೆ ಮುಗಿಯುವ ಹೊಂದಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಅನ್ನುವುದನ್ನೂ ನೀವು ತೀರ್ಮಾನಿಸಬೇಕು. ಬೇಡ ಅಂದರೆ "ಕರ" ಹುಡುಕಿದಾಗ ಕರಗಳು, ಕರದ, ಕರವನ್ನು ಸಿಗುತ್ತವೆ, ಕರ್ನಾಟಕ ಸಿಗುವುದಿಲ್ಲ. ಚೆನ್ನಾಗಿದೆ. ಆದರೆ "ಬಸವ" ಹುಡುಕಿದರೆ ಬಸವಣ್ಣ ಸಿಗುತ್ತದೆ, ಬಸವೇಶ್ವರ ಸಿಗುವುದಿಲ್ಲ. ಯಾಕೆಂದರೆ ಅಲ್ಲಿ ವ ಇಲ್ಲ, ವೇ ಇದೆ. ಇನ್ನು ಹೊಡೆಯುತ್ತಾ ಹೋದಂತೆ ಫಲಿತಾಂಶ ತೋರಿಸುವ ಆ್ಯಪ್ ನಿಮ್ಮದು. "ಹುಬ್ಬಳ್ಳಿ" ಹೊಡೆಯುವವನು "ಹುಬ" ದಾಟಿಯೇ ಹೋಗಬೇಕು. ಆ ಕ್ಷಣದಲ್ಲಿ ಪರದೆ ಖಾಲಿಯಾದರೆ "ಏನೂ ಇಲ್ಲ" ಅಂದುಕೊಂಡು ಬಿಟ್ಟುಬಿಡುತ್ತಾನೆ.

ನನ್ನ ಸಲಹೆ ಹೀಗಿದೆ. ಹೊಡೆಯುತ್ತಿರುವಾಗ ಉದಾರವಾಗಿರಿ: ಅರ್ಧ ಅಕ್ಷರಕ್ಕೆ ಹೊಂದಿದರೂ ಒಪ್ಪಿಕೊಂಡು, ಬಣ್ಣವನ್ನು ಇಡೀ ಅಕ್ಷರದ ಕೊನೆಯವರೆಗೆ ಹಿಗ್ಗಿಸಿ. ಹುಡುಕು ಬಟನ್ ಒತ್ತಿದ ಮೇಲೆ ಬಿಗಿಯಾಗಿರಿ: ಪೂರ್ತಿ ಅಕ್ಷರಕ್ಕೆ ಹೊಂದಿದವು ಮೇಲೆ ಬರಲಿ, ಉಳಿದವು ಕೆಳಗೆ. ಹಿಗ್ಗಿಸುವುದರಲ್ಲಿ ಒಂದು ಸಣ್ಣ ಇರುಸುಮುರುಸು ಇದೆ. ಬಳಕೆದಾರ "ಹುಬ" ಮಾತ್ರ ಹೊಡೆದಿದ್ದರೂ "ಹುಬ್ಬ" ಹಳದಿಯಾಗುತ್ತದೆ. ಕನ್ನಡ ಓದುವ ಯಾರೂ ಅದನ್ನು ತಪ್ಪು ಅಂತ ಹೇಳಿದ್ದನ್ನು ನಾನು ಕೇಳಿಲ್ಲ.

ಹಾಗಾದರೆ ಅಕ್ಷರದ ಗಡಿಯನ್ನು ಹುಡುಕುವುದು ಹೇಗೆ? ಫ್ಲಟರ್ ಆ್ಯಪ್ ಬರೆಯುವುದು ಡಾರ್ಟ್ ಭಾಷೆಯಲ್ಲಿ. ಡಾರ್ಟ್‌ನ ಕ್ಯಾರೆಕ್ಟರ್ಸ್ ಪ್ಯಾಕೇಜ್ ಹಾಕಿಕೊಂಡರೆ ಸಾಕು ಅಂತ ಯಾರಾದರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಆ ಪ್ಯಾಕೇಜ್ ಯೂನಿಕೋಡ್‌ನ ಗ್ರಾಫೀಮ್ ಕ್ಲಸ್ಟರ್ ನಿಯಮ, ಅಂದರೆ ಯಾವ ತುಣುಕುಗಳು ಸೇರಿ ಒಂದು ಅಕ್ಷರ ಅನ್ನುವ ನಿಯಮ, ಪಾಲಿಸುತ್ತದೆ. ಐಫೋನಿನ ಸ್ವಿಫ್ಟ್ ಭಾಷೆಯೂ ಅಷ್ಟೇ. ಆ ನಿಯಮದ ಪ್ರಕಾರ ವಿರಾಮ ಚಿಹ್ನೆ ತನ್ನ ಹಿಂದಿನ ವ್ಯಂಜನಕ್ಕೆ ಅಂಟುತ್ತದೆ, ಮುಂದಿನದಕ್ಕೆ ಅಂಟುವುದಿಲ್ಲ. ಹಾಗಾಗಿ ಹುಬ್ಬಳ್ಳಿ ಐದು ಆಗುತ್ತದೆ: ಹು, ಬ್, ಬ, ಳ್, ಳಿ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಸಂಯುಕ್ತಾಕ್ಷರಗಳನ್ನು ಒಡೆಯಬಾರದು ಅಂತ ಹೊಸ ನಿಯಮ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಹೀಗಾಗಿ ಹಿಂದಿಯಲ್ಲೋ ತೆಲುಗಿನಲ್ಲೋ ಪರೀಕ್ಷಿಸಿ "ಕೆಲಸ ಮಾಡುತ್ತದೆ" ಅಂತ ಕೊಟ್ಟ ಲೈಬ್ರರಿ ಕನ್ನಡದಲ್ಲಿ ಕೈ ಕೊಡಬಹುದು. ಬೆರಳಿಟ್ಟು ಆಯ್ಕೆ ಮಾಡುವಾಗ ಆಯ್ಕೆಯ ಗಡಿ ಬ್ಬದ ಮಧ್ಯೆ ನಿಲ್ಲುವುದಕ್ಕೂ ಇದೇ ಕಾರಣ. ನಿಮ್ಮ ಹುಡುಗರು ತಾವೇ ಹಾಕಿಕೊಳ್ಳುವ ಗುರುತನ್ನೂ ಉಳಿಸುವ ಮೊದಲು ಹಿಗ್ಗಿಸಿಕೊಳ್ಳಿ.

ಆದ್ದರಿಂದ ಅಕ್ಷರ ಬಿಡಿಸುವ ಸಣ್ಣ ಫಂಕ್ಷನ್ ಒಂದನ್ನು ನೀವೇ ಬರೆಯಿರಿ. ನಿಯಮ ಸರಳ. ಸ್ವರ ಅಥವಾ ವ್ಯಂಜನ ಬಂದರೆ ಹೊಸ ಅಕ್ಷರ ಶುರು. ಅದರ ನಂತರ ಬರುವ ಕಾಗುಣಿತದ ಚಿಹ್ನೆಗಳು, ಅನುಸ್ವಾರ, ವಿಸರ್ಗ, ನುಕ್ತ (ಫ಼ದಲ್ಲಿ ಕೆಳಗಿರುವ ಚುಕ್ಕಿ), ವಿರಾಮ ಚಿಹ್ನೆ, ಅಕ್ಷರಗಳನ್ನು ಕೂಡಿಸುವ ಇಲ್ಲವೇ ಬಿಡಿಸುವ ಕಣ್ಣಿಗೆ ಕಾಣದ ಜಾಯ್ನರ್‌ಗಳು ಎಲ್ಲವೂ ಅದೇ ಅಕ್ಷರಕ್ಕೆ ಸೇರಲಿ. ವ್ಯಂಜನ ಬಂದಾಗ, ನಡುವಿನ ಜಾಯ್ನರ್ ಬಿಟ್ಟು ನೋಡಿ, ಅದಕ್ಕೆ ತಕ್ಷಣ ಮೊದಲು ವಿರಾಮ ಚಿಹ್ನೆ ಇದ್ದರೆ ಆ ವ್ಯಂಜನವೂ ಹಳೆಯ ಅಕ್ಷರಕ್ಕೇ ಸೇರುತ್ತದೆ. ಇದಕ್ಕೆ ಒಂದೇ ವಿನಾಯಿತಿ: ವಿರಾಮ ಚಿಹ್ನೆಯ ನಂತರ ಜೀರೋ ವಿಡ್ತ್ ನಾನ್ ಜಾಯ್ನರ್ ಇದ್ದರೆ ಅಲ್ಲಿಗೆ ಅಕ್ಷರ ಮುಗಿಯಿತು. "ಸಾಫ್ಟ್‌ವೇರ್" ಬರೆಯುವಾಗ ಟ್ ಮತ್ತು ವೇ ನಡುವೆ ಇರುವುದು ಅದೇ. ಮೂವತ್ತು ನಲವತ್ತು ಸಾಲಿನಲ್ಲಿ ಮುಗಿಯುವ ಫಂಕ್ಷನ್ ಇದು. ಫ್ಲಟರ್ ಆಗಲಿ ಕೋಟ್ಲಿನ್ ಆಗಲಿ, ನಿಯಮ ಒಂದೇ.

ಪರೀಕ್ಷೆ ಮಾಡಲು ನಮ್ಮ ಕಡೆಯ ಊರಿನ ಹೆಸರುಗಳೇ ಸಾಕು. ಹುಬ್ಬಳ್ಳಿ, ಅಣ್ಣಿಗೇರಿ, ಲಕ್ಕುಂಡಿ, ಬ್ಯಾಡಗಿ, ರಾಣೆಬೆನ್ನೂರು. ಲಕ್ಷ್ಮೇಶ್ವರ ದಾಟಿದರೆ ನಿಮ್ಮ ಫಂಕ್ಷನ್ ಪಾಸು: ತುಣುಕು ಹನ್ನೊಂದು, ಅಕ್ಷರ ನಾಲ್ಕೇ. ಜೊತೆಗೆ ಸ್ತ್ರೀ, ಕರ್ನಾಟಕ, ರ‍್ಯಾಂಕ್ ಸೇರಿಸಿ.

ರ‍್ಯಾಂಕ್ ಯಾಕೆ ಅಂದರೆ, ರ ಮತ್ತು ಯ ಒತ್ತು ಹಾಗೆ ಕಾಣಲು ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜಾಯ್ನರ್ ಹಾಕಬೇಕು. ಕೆಲವರು ಹಾಕುತ್ತಾರೆ, ಕೆಲವರು ಹಾಕದೆ ಅರ್ಕಾವೊತ್ತಿನ ರೂಪದಲ್ಲೇ ಬರೆಯುತ್ತಾರೆ. ನಾನ್ ಜಾಯ್ನರ್ ಇಲ್ಲದೆ ಬರೆದ "ಸಾಫ್ಟ್ವೇರ್" ಕೂಡ ಬೇಕಾದಷ್ಟು ಸಿಗುತ್ತದೆ. ನೋಟ್ಸ್‌ನಲ್ಲಿ ಒಂದು ಥರ, ಹುಡುಕುವವರ ಕೀಬೋರ್ಡಿನಲ್ಲಿ ಇನ್ನೊಂದು ಥರ ಇದ್ದರೆ ಪದ ಸಿಗುವುದಿಲ್ಲ.

ನಿಮ್ಮ ಹಾವೇರಿ ಕಾಣೆಯಾಗಿರುವುದೂ ಇದೇ ಜಾತಿಯ ತೊಂದರೆ, ಕಾರಣ ಮಾತ್ರ ಬೇರೆ. ನೋಟ್ಸ್‌ನ ಹಳೆಯ ಭಾಗ ಪ್ರೆಸ್ಸಿನಲ್ಲಿ ನುಡಿಯಲ್ಲಿ ಟೈಪ್ ಮಾಡಿಸಿದ್ದು, ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಿದ್ದು ಅಂತ ಕೋಡ್ ಜೊತೆ ಬರೆದಿದ್ದೀರಿ. "ವೇ" ಅನ್ನುವುದನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಇಡಬಹುದು. ವ ಜೊತೆ ಏಕಾರದ ಒಂದೇ ಚಿಹ್ನೆ ಇಡುವುದು ಒಂದು. ವ, ಎಕಾರದ ಚಿಹ್ನೆ, ಅದರ ನಂತರ ಪ್ರತ್ಯೇಕ ದೀರ್ಘ ಚಿಹ್ನೆ ಇಡುವುದು ಇನ್ನೊಂದು. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕೀಬೋರ್ಡಿನಿಂದ ಬರುವ ಹಾವೇರಿಯಲ್ಲಿ ಆರು ತುಣುಕು, ನಿಮ್ಮ ಪರಿವರ್ತಿತ ಫೈಲಿನ ಹಾವೇರಿಯಲ್ಲಿ ಏಳು. ಕಂಪ್ಯೂಟರಿಗೆ ಅವು ಬೇರೆ ಪದಗಳು. ಈ, ಓ, ಐ ಕಾರಗಳಲ್ಲೂ ಹೀಗೇ ಆಗುತ್ತದೆ.

ಇದಕ್ಕೆ ಮದ್ದು ನಾರ್ಮಲೈಸೇಶನ್, ಅಂದರೆ ಒಂದೇ ಪದದ ಬೇರೆ ಬೇರೆ ಒಳರೂಪಗಳನ್ನು ಒಂದೇ ರೂಪಕ್ಕೆ ತರುವುದು. ಎನ್‌ಎಫ್‌ಸಿ ಅನ್ನುವ ರೂಪಕ್ಕೆ ತಂದರೆ ಬಿಡಿ ಚಿಹ್ನೆಗಳು ಕೂಡಿ ಒಂದಾಗುತ್ತವೆ. ಪೈಥಾನ್‌ನಲ್ಲಿ ಇದಕ್ಕೆ ಬೇಕಾದ ಮಾಡ್ಯೂಲ್ ಜೊತೆಗೇ ಬರುತ್ತದೆ, ಡಾರ್ಟ್‌ನಲ್ಲಿ ಪ್ಯಾಕೇಜ್ ಹಾಕಿಕೊಳ್ಳಬೇಕು. ಎಲ್ಲ ನೋಟ್ಸ್ ಅನ್ನು ಸರ್ವರ್‌ನಲ್ಲಿ ಒಂದು ಸಲ ಎನ್‌ಎಫ್‌ಸಿ ಮಾಡಿ ಉಳಿಸಿಬಿಡಿ. ಹುಡುಕುವ ಪದವನ್ನು ಫೋನಿನಲ್ಲೇ ಎನ್‌ಎಫ್‌ಸಿ ಮಾಡಿ. ಜಾಯ್ನರ್‌ಗಳನ್ನು ಮಾತ್ರ ನೋಟ್ಸ್‌ನಿಂದ ಕಿತ್ತು ಹಾಕಬೇಡಿ, ಅಕ್ಷರದ ರೂಪವೇ ಕೆಡುತ್ತದೆ. ಅವನ್ನು ಹೋಲಿಸಿ ನೋಡುವಾಗ ಮಾತ್ರ ಬಿಡಬೇಕು.

ಇಲ್ಲಿ ಒಂದು ಅಪಾಯ ಇದೆ. ಜಾಯ್ನರ್ ಬಿಟ್ಟು ಹೋಲಿಸಿದರೆ ಸಿಗುವ ಸ್ಥಾನ, ಮೂಲ ಪಠ್ಯದ ಸ್ಥಾನ ಅಲ್ಲ. ಆ ಸಂಖ್ಯೆಯನ್ನೇ ಬಣ್ಣಕ್ಕೆ ಬಳಸಿದರೆ ಮತ್ತೆ ಬಣ್ಣ ಸರಿಯುತ್ತದೆ. ನಾನು ಮಾಡುವುದು ಹೀಗೆ. ಪ್ರತಿ ಪ್ಯಾರಾಕ್ಕೆ ಅಕ್ಷರಗಳ ಒಂದು ಪಟ್ಟಿ ಮಾಡಿಕೊಳ್ಳುತ್ತೇನೆ. ಪಟ್ಟಿಯ ಪ್ರತಿ ಸಾಲಿನಲ್ಲಿ ಮೂರು ವಿಷಯ: ಮೂಲದಲ್ಲಿ ಆ ಅಕ್ಷರ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ಹೋಲಿಕೆಗೆ ಬೇಕಾದ ಶುದ್ಧ ರೂಪ ಯಾವುದು. ಹುಡುಕುವುದು ಶುದ್ಧ ರೂಪದಲ್ಲಿ, ಬಣ್ಣ ಹಚ್ಚುವುದು ಮೂಲದ ಸ್ಥಾನದಲ್ಲಿ. ಪಟ್ಟಿ ಅಕ್ಷರದ ಲೆಕ್ಕದಲ್ಲೇ ಇರುವುದರಿಂದ ಹಿಗ್ಗಿಸುವ ಕೆಲಸ ತಾನಾಗಿಯೇ ಆಗಿರುತ್ತದೆ. ಅಂಕಿಗಳನ್ನೂ ಇಲ್ಲೇ ಸರಿ ಮಾಡಬಹುದು. ನೋಟ್ಸ್‌ನಲ್ಲಿ 371 ಇರುತ್ತದೆ, ಯಾರೋ ೩೭೧ ಅಂತ ಹೊಡೆಯುತ್ತಾರೆ. ಶುದ್ಧ ರೂಪದಲ್ಲಿ ಎರಡೂ ಒಂದೇ ಆಗಿರಲಿ. ಪಟ್ಟಿಯನ್ನು ಪಾಠ ತೆರೆದಾಗ ಒಂದು ಸಲ ಮಾಡಿ ಇಟ್ಟುಕೊಳ್ಳಿ. ನೀವು ಈಗ ಮಾಡುತ್ತಿರುವ ಹಾಗೆ ಪರದೆ ಸರಿದಾಗಲೆಲ್ಲ ಹೊಸದಾಗಿ ಹುಡುಕಿದರೆ ಕಡಿಮೆ ಬೆಲೆಯ ಫೋನುಗಳು ತಡವರಿಸುತ್ತವೆ.

371 ಅಂದಾಗ ನೆನಪಾಯಿತು. ನಿಮ್ಮ ಹುಡುಕಾಟ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸುತ್ತದೆ. ಇದು ಪಠ್ಯದ ಮಾದರಿ ಬರೆದು ಹುಡುಕುವ ವಿಧಾನ, ಅದರಲ್ಲಿ ಕಂಸದಂಥ ಗುರುತುಗಳಿಗೆ ವಿಶೇಷ ಅರ್ಥ ಇದೆ. ಬಳಕೆದಾರ ಹೊಡೆದದ್ದನ್ನು ನೀವು ನೇರವಾಗಿ ಅದಕ್ಕೆ ಕೊಟ್ಟಿದ್ದೀರಿ. ಯಾರಾದರೂ "371(ಜೆ)" ಹೊಡೆಯುವಾಗ ಕಂಸ ತೆರೆದು ಇನ್ನೂ ಮುಚ್ಚದ ಕ್ಷಣದಲ್ಲಿ ದೋಷ ಬಂದು ಹುಡುಕಾಟ ನಿಂತುಹೋಗುತ್ತದೆ. ಸಂವಿಧಾನದ ವಿಧಿಗಳನ್ನು ಹುಡುಕುವವರೇ ನಿಮ್ಮ ಗಿರಾಕಿಗಳು. ಡಾರ್ಟ್‌ನಲ್ಲಿ ಇಂಥ ಗುರುತುಗಳನ್ನು ಸಾದಾ ಅಕ್ಷರವಾಗಿಸುವ, ಅಂದರೆ ಎಸ್ಕೇಪ್ ಮಾಡುವ, ಸಿದ್ಧ ಫಂಕ್ಷನ್ ಇದೆ, ಅದನ್ನು ಮೊದಲು ಹಾಕಿ.

ಕೆಂಪು ಸಾಲು ಹಿಂದಕ್ಕೆ ಸರಿಯುವುದಕ್ಕೆ ಕನ್ನಡ ಕಾರಣವೇ ಅಲ್ಲ. ಅದಕ್ಕೆ ಕಾರಣ ನೀವು ಪಾಠದ ತಲೆಬರಹದಲ್ಲಿ ಇಟ್ಟಿರುವ ಪಿನ್ ಇಮೋಜಿ. ಕೆಂಪು ಎಲ್ಲಿಂದ ಎಲ್ಲಿಯವರೆಗೆ ಅಂತ ಲೆಕ್ಕ ಹಾಕುವುದು ನಿಮ್ಮ ಪೈಥಾನ್ ಸರ್ವರ್. ಪೈಥಾನ್ ಆ ಪಿನ್ನನ್ನು ಒಂದು ಅಂತ ಎಣಿಸುತ್ತದೆ. ಡಾರ್ಟ್, ಜಾವಾ, ಕೋಟ್ಲಿನ್ ಎಲ್ಲ ಯುಟಿಎಫ್-16 (16 ಬಿಟ್‌ನ ತುಂಡುಗಳಾಗಿ ಎಣಿಸುವ ಪದ್ಧತಿ) ಲೆಕ್ಕದಲ್ಲಿ ಅದನ್ನು ಎರಡು ಅಂತ ಎಣಿಸುತ್ತವೆ. ಕನ್ನಡದ ತುಣುಕುಗಳು ಎರಡೂ ಲೆಕ್ಕದಲ್ಲಿ ಒಂದೊಂದೇ. ಹಾಗಾಗಿ ಇಮೋಜಿ ಇಲ್ಲದ ಪಾಠ ಸರಿ ಇದೆ, ಮೂರು ಪಿನ್ ಇರುವ ಪಾಠದಲ್ಲಿ ಅವುಗಳ ನಂತರದ ಬಣ್ಣ ಮೂರು ಸ್ಥಾನ ಹಿಂದೆ ಬೀಳುತ್ತದೆ. ಸರ್ವರ್ ಪಿಎಚ್‌ಪಿ ಆಗಿದ್ದು, ಅದರ ಸಾಮಾನ್ಯ ಸ್ಟ್ರಿಂಗ್ ಫಂಕ್ಷನ್ ಬಳಸಿದ್ದರೆ ಬೈಟ್ ಲೆಕ್ಕ ಬರುತ್ತಿತ್ತು. ಆಗ ಹುಬ್ಬಳ್ಳಿಯ ಉದ್ದ 27. ಸರ್ವರ್ ಮತ್ತು ಆ್ಯಪ್ ಒಂದೇ ಅಳತೆಗೋಲು ಹಿಡಿಯಬೇಕು, ಯಾವುದಾದರೂ ಸರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಸರ್ವರ್‌ನಿಂದ ಸ್ಥಾನದ ಸಂಖ್ಯೆ ಕಳಿಸುವುದನ್ನೇ ಬಿಟ್ಟು, ಪಠ್ಯವನ್ನು ತುಂಡುಗಳ ಪಟ್ಟಿಯಾಗಿ ಕಳಿಸುತ್ತಿದ್ದೆ: ಈ ತುಂಡು ಸಾದಾ, ಈ ತುಂಡು ಮುಖ್ಯ, ಮತ್ತೆ ಇದು ಸಾದಾ. ಎಣಿಸುವ ಗೊಡವೆಯೇ ಇರುವುದಿಲ್ಲ.

ಹುಡುಗರ ಸ್ವಂತ ಗುರುತುಗಳ ಕಥೆ ಬೇರೆ. ನೀವು 240ರಿಂದ 262 ಅಂತ ಸಂಖ್ಯೆ ಮಾತ್ರ ಉಳಿಸಿದ್ದೀರಿ. ಪ್ಯಾರಾದ ಮೊದಲಲ್ಲಿ ಒಂದು ಪದ ತಿದ್ದಿದರೂ ಆ ಸಂಖ್ಯೆಗೆ ಬೆಲೆ ಇಲ್ಲ. ವೆಬ್ ಟಿಪ್ಪಣಿಗಳಿಗೆ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2017ರಲ್ಲಿ ಹೊರತಂದ ಮಾದರಿಯಲ್ಲಿ ಇದಕ್ಕೆ ಒಳ್ಳೆಯ ದಾರಿ ಇದೆ. ಸ್ಥಾನದ ಜೊತೆಗೆ ಗುರುತು ಹಾಕಿದ ಪಠ್ಯವನ್ನೂ, ಅದರ ಹಿಂದಿನ ಮುಂದಿನ ಒಂದಿಷ್ಟು ಪದಗಳನ್ನೂ ಉಳಿಸುವುದು. ತೆರೆದಾಗ ಮೊದಲು ಸ್ಥಾನ ನೋಡಿ. ಅಲ್ಲಿ ಅದೇ ಪಠ್ಯ ಇದ್ದರೆ ಸರಿ. ಇಲ್ಲದಿದ್ದರೆ ಆ ಪಠ್ಯವನ್ನು ಹುಡುಕಿ. ಒಂದಕ್ಕಿಂತ ಜಾಸ್ತಿ ಕಡೆ ಸಿಕ್ಕರೆ ಹಿಂದು ಮುಂದಿನ ಪದ ನೋಡಿ ಆರಿಸಿ. ಎಲ್ಲೂ ಸಿಗದಿದ್ದರೆ ಗುರುತನ್ನು ಅಳಿಸಬೇಡಿ, ಅಂದಾಜಿನ ಮೇಲೆ ಎಲ್ಲೋ ಹಚ್ಚಲೂ ಬೇಡಿ. "ಈ ಗುರುತಿನ ಸಾಲು ತಿದ್ದುಪಡಿಯಾಗಿದೆ" ಅಂತ ಬೇರೆ ಪಟ್ಟಿಯಲ್ಲಿ ತೋರಿಸಿ. ಪರೀಕ್ಷೆಗೆ ಓದುವವನಿಗೆ ತಪ್ಪು ಸಾಲಿನ ಮೇಲಿನ ಹಳದಿ, ಹಳದಿಯೇ ಇಲ್ಲದ್ದಕ್ಕಿಂತ ಅಪಾಯ. ಈಗಾಗಲೇ ಸರಿದಿರುವ ಗುರುತುಗಳನ್ನೂ ಉಳಿಸಬಹುದು, ಆದರೆ ನೋಟ್ಸ್‌ನ ಹಳೆಯ ಪ್ರತಿ ನಿಮ್ಮ ಹತ್ತಿರ ಇರಬೇಕು. ಹಳೆಯ ಪ್ರತಿಯಲ್ಲಿ ಆ ಸಂಖ್ಯೆಗೆ ಯಾವ ಪಠ್ಯ ಇತ್ತು ಅಂತ ತೆಗೆದು, ಹೊಸದರಲ್ಲಿ ಹುಡುಕಿಸಿ. ಇದನ್ನು ಎನ್‌ಎಫ್‌ಸಿ ಮಾಡುವ ಮೊದಲೇ ಮಾಡಿಕೊಳ್ಳಿ. ಎನ್‌ಎಫ್‌ಸಿಯಿಂದಲೂ ಸ್ಥಾನಗಳು ಬದಲಾಗುತ್ತವೆ.

ಒಂದು ಗುರುತಿನ ಮೇಲೆ ಇನ್ನೊಂದು ಬಿದ್ದರೆ, ಉದಾಹರಣೆಗೆ ಕೆಂಪು ಸಾಲಿನೊಳಗೆ ಹುಡುಕಿದ ಪದ ಸಿಕ್ಕರೆ, ಎಲ್ಲ ಗಡಿಗಳನ್ನೂ ಒಂದು ಸಾಲಿನಲ್ಲಿ ಜೋಡಿಸಿ ಅಲ್ಲಲ್ಲಿ ತುಂಡು ಮಾಡಿ. ಯಾವ ತುಂಡಿಗೆ ಏನೇನು ಅನ್ವಯ ಅಂತ ಲೆಕ್ಕ ಹಾಕಿ. ಒಂದರೊಳಗೆ ಒಂದು ಟ್ಯಾಗ್ ಸಿಕ್ಕಿಸಲು ಹೋದರೆ ಗುರುತುಗಳು ಅಡ್ಡಡ್ಡ ಹಾಯ್ದಾಗ ಸಿಕ್ಕು ಬೀಳುತ್ತದೆ.

ಇನ್ನು ಬಣ್ಣದ ಆಯ್ಕೆ. ಇದನ್ನು ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ಆದರೂ ಹೇಳುತ್ತೇನೆ. ಓದಲು ಅನುಕೂಲವಾಗುವಂತೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1 ಇರಬೇಕು ಅನ್ನುವುದು ವೆಬ್ ಸುಲಭಬಳಕೆಯ ಮಾನದಂಡ. ಹಳದಿ ಹಿನ್ನೆಲೆಯ ಮೇಲೆ ಕಪ್ಪಕ್ಷರಕ್ಕೆ ಅದು 19ಕ್ಕಿಂತ ಜಾಸ್ತಿ ಬರುತ್ತದೆ, ತುಂಬ ಚೆನ್ನ. ನೀವು ಬಳಸಿರುವ ಅಪ್ಪಟ ಕೆಂಪು ಬಿಳಿಯ ಮೇಲೆ ಸುಮಾರು 4, ಸ್ವಲ್ಪ ಕಡಿಮೆ. ಅದೇ ಕೆಂಪಕ್ಷರದ ಮೇಲೆ ಹುಡುಕಾಟದ ಹಳದಿ ಬಿದ್ದರೆ 3.7. ಕೆಂಪನ್ನು ಗಾಢ ಮಾಡಿ. ದೊಡ್ಡ ತೊಂದರೆ ಇರುವುದು ಡಾರ್ಕ್ ಮೋಡ್‌ನಲ್ಲಿ. ಥೀಮ್ ಬದಲಾದಾಗ ಅಕ್ಷರ ಬಿಳಿಯಾಗುತ್ತದೆ. ನಿಮ್ಮ ಹಳದಿ ಮಾತ್ರ ಕೋಡ್‌ನಲ್ಲಿ ಬರೆದ ಹಾಗೇ ಉಳಿಯುತ್ತದೆ. ಹಳದಿಯ ಮೇಲೆ ಬಿಳಿ ಅಂದರೆ ಕಾಂಟ್ರಾಸ್ಟ್ 1.07, ಅಂದರೆ ಹುಡುಕಿದ ಪದವೇ ಮಾಯ. ರಾತ್ರಿ ರೂಮಿನಲ್ಲಿ ಲೈಟ್ ಆರಿಸಿ ಓದುವವರು ಬಳಸುವುದು ಅದೇ ಮೋಡ್. ಹಿನ್ನೆಲೆ ಬಣ್ಣ ಕೊಟ್ಟಲ್ಲೆಲ್ಲ ಅಕ್ಷರದ ಬಣ್ಣವನ್ನೂ ಜೊತೆಗೇ ಕೊಡಿ, ಎರಡೂ ಥೀಮ್‌ಗೆ ಬೇರೆ ಬೇರೆ ಜೋಡಿ ಇಡಿ.

"ಸರಿ ಉತ್ತರ ಹಸಿರು, ತಪ್ಪು ಉತ್ತರ ಕೆಂಪು" ಅಂತ ಬಣ್ಣದ ಮೇಲೇ ನಿಲ್ಲಬೇಡಿ. ಕೆಂಪು ಹಸಿರು ಬೇರೆ ಮಾಡಲಾಗದ ಕಣ್ಣಿನವರಿದ್ದಾರೆ, ಗಂಡಸರಲ್ಲಿ ಇದು ಜಾಸ್ತಿ. ಒಂದು ಟಿಕ್ ಗುರುತೋ ಅಡಿಗೆರೆಯೋ ಜೊತೆಗಿರಲಿ. ಅಕ್ಷರ ದಪ್ಪ ಮಾಡುವುದು ಬೇಡ. ದಪ್ಪ ಅಕ್ಷರ ಅಗಲ ಜಾಸ್ತಿ ತಿನ್ನುತ್ತದೆ, ಹುಡುಕಿದ ಕೂಡಲೇ ಸಾಲುಗಳು ಹಿಂದೆ ಮುಂದೆ ಕುಣಿಯುತ್ತವೆ. ಸಾಲುಗಳ ನಡುವೆ ಜಾಗವನ್ನೂ ಸ್ವಲ್ಪ ಧಾರಾಳವಾಗಿ ಕೊಡಿ. ಕನ್ನಡದ ಒತ್ತುಗಳು ಕೆಳಗೆ ಇಳಿಯುತ್ತವೆ, ಇಕ್ಕಟ್ಟಾದರೆ ಕೆಳಗಿನ ಸಾಲಿನ ಹಳದಿ ಪಟ್ಟಿ ಮೇಲಿನ ಸಾಲಿನ ಒತ್ತನ್ನು ಮುಚ್ಚಿಬಿಡಬಹುದು. ಮತ್ತೆ, ಪ್ಯಾರಾದಲ್ಲಿ ಅರ್ಧದಷ್ಟು ಕೆಂಪು ಮಾಡಿದ್ದೀರಿ. ಎಲ್ಲವೂ ಮುಖ್ಯ ಆದರೆ ಕಣ್ಣು ಯಾವುದರ ಮೇಲೆ ನಿಲ್ಲಬೇಕು? ಪ್ಯಾರಾಕ್ಕೆ ಒಂದೆರಡು ಕಡೆ ಸಾಕು.

ವೆಬ್‌ವ್ಯೂ (ಆ್ಯಪ್ ಒಳಗೇ ವೆಬ್ ಪುಟ ತೋರಿಸುವ ಘಟಕ) ಬಗ್ಗೆಯೂ ಒಂದು ಮಾತು. ಪಾಠವನ್ನು ಎಚ್‌ಟಿಎಂಎಲ್ ಮಾಡಿ, ಮಾರ್ಕ್ ಟ್ಯಾಗ್‌ನಿಂದ ಬಣ್ಣ ಹಚ್ಚುವುದು ಒಪ್ಪುವ ದಾರಿಯೇ. ಕೋಷ್ಟಕ, ಚಿತ್ರ ತುಂಬಾ ಇರುವ ನೋಟ್ಸ್‌ಗೆ ನಾನೂ ಅದನ್ನೇ ಸೂಚಿಸುತ್ತೇನೆ. ಕ್ರೋಮ್‌ನಲ್ಲಿ 2022ರಿಂದ, ಟ್ಯಾಗ್ ಸೇರಿಸದೆಯೇ ಪಠ್ಯದ ಒಂದು ಭಾಗಕ್ಕೆ ಬಣ್ಣ ಕೊಡುವ ಹೈಲೈಟ್ ಎಪಿಐ ಕೂಡ ಇದೆ. ಆದರೆ ಅಕ್ಷರದ ಗಡಿ, ನಾರ್ಮಲೈಸೇಶನ್, ಗುರುತು ಉಳಿಸುವುದು ಇವೆಲ್ಲ ಅಲ್ಲೂ ನಿಮ್ಮ ತಲೆಯ ಮೇಲೇ ಇರುತ್ತವೆ. ಜೊತೆಗೆ, ಬಳಕೆದಾರ ಹೊಡೆದದ್ದನ್ನು ಹಾಗೇ ಎಚ್‌ಟಿಎಂಎಲ್‌ಗೆ ಸೇರಿಸಿದರೆ ಭದ್ರತೆಯ ತೂತು ಬೀಳುತ್ತದೆ. ನಿಮ್ಮ ನೋಟ್ಸ್ ಬಹುತೇಕ ಸಾದಾ ಪಠ್ಯ. ಈಗಿನ ದಾರಿಯೇ ಸಾಕು.

ಕೋಟ್ಲಿನ್‌ನಲ್ಲಿ ಹೊಸದಾಗಿ ಬರೆದರೂ ಇಷ್ಟೇ. ಅಲ್ಲಿ ಟೆಕ್ಸ್ಟ್‌ಸ್ಪ್ಯಾನ್ ಬದಲು ಸ್ಪ್ಯಾನೆಬಲ್ ಸ್ಟ್ರಿಂಗ್, ಕಂಪೋಸ್ ಬಳಸಿದರೆ ಆ್ಯನೊಟೇಟೆಡ್ ಸ್ಟ್ರಿಂಗ್. ಶುರು ಮತ್ತು ಕೊನೆಯ ಸ್ಥಾನವನ್ನು ಅವೂ ನಿಮ್ಮನ್ನೇ ಕೇಳುತ್ತವೆ, ತಾವಾಗಿ ಕನ್ನಡ ಅಕ್ಷರ ಗುರುತಿಸುವುದಿಲ್ಲ. ಬರೀ ಆಂಡ್ರಾಯ್ಡ್‌ಗೆ ಅಂತ ಬರೆದರೆ ಆ ಪುಣ್ಯಕ್ಕೆ ಐಫೋನ್ ಆ್ಯಪ್ ಬೇರೆಯೇ ಬರೆಯಬೇಕಾಗುತ್ತದೆ.

ಕೆಲಸದ ಸರದಿ ಹೀಗಿರಲಿ. ಇವತ್ತೇ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಎಸ್ಕೇಪ್ ಮತ್ತು ಇಮೋಜಿಯ ಲೆಕ್ಕ ಸರಿ ಮಾಡಿ, ಎರಡೂ ಸಣ್ಣವು. ಆಮೇಲೆ ಹಳೆಯ ಪ್ರತಿ ಹಿಡಿದು ಹುಡುಗರ ಗುರುತುಗಳಿಗೆ ಪಠ್ಯ ಸೇರಿಸಿ. ಅದು ಮುಗಿಯುವವರೆಗೆ ನೋಟ್ಸ್‌ಗೆ ಹೊಸ ತಿದ್ದುಪಡಿ ಹಾಕಬೇಡಿ. ನಂತರ ಎನ್‌ಎಫ್‌ಸಿ, ಅಕ್ಷರದ ಪಟ್ಟಿ, ಒಂದೇ ಪ್ಯಾರಾದೊಳಗಿನ ಸ್ಪ್ಯಾನ್‌ಗಳು. ಆ ಪಟ್ಟಿ ಮಾಡುವ ಫಂಕ್ಷನ್‌ನಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ, ಯಾವ ಪದದಲ್ಲಿ ಒಡೆಯಿತು ಅಂತ ಬರೆದು ಕಳಿಸಿ. ಪರದೆಯ ಫೋಟೋ ಬೇಡ, ಆ ಪದವನ್ನೇ ಕಾಪಿ ಮಾಡಿ ಕಳಿಸಿ. ಒಳಗೆ ಯಾವ ತುಣುಕುಗಳಿವೆ ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ.